ಅಪ್‌ಡೇಟ್: ಹಂದಿಕೂದಲಿನ ಶೇವಿಂಗ್ ಬ್ರಷ್, ಕೊನೆಗೆ ಯಾವುದು?

ಹೊಸ ಹಂದಿಕೂದಲಿನ ಬ್ರಷ್‌ನಲ್ಲಿ ನೊರೆ ನಿಲ್ಲುತ್ತಿಲ್ಲ, ದೊಡ್ಡದು ಕೊಳ್ಳಲೋ ಚಿಕ್ಕದೋ ಅಂತ ಕೇಳಿದ್ದೆ. ಇಟಲಿಯ ಒಮೆಗಾ, ಪೋರ್ಚುಗಲ್‌ನ ಸೆಮೋಗ್ ಎರಡು ಬ್ರಷ್ ಬ್ರ್ಯಾಂಡ್‌ಗಳಲ್ಲಿ ನನ್ನ ಓಟು ಸೆಮೋಗ್‌ಗೆ. 22 ಮಿ.ಮೀ. ಆಸುಪಾಸಿನ ಗಂಟು (ಹಿಡಿಗೆ ಸೇರೋ ಕಡೆ ಕೂದಲಿನ ಕಟ್ಟು), ಮುಖದ ಮೇಲೇ ನೊರೆ ಎಬ್ಬಿಸೋರಿಗೆ ಹಿಡಿತ ಚೆನ್ನ. ಬಟ್ಟಲಲ್ಲಿ ಕಲಸೋರು ಉದ್ದ ಕೂದಲಿನ ದೊಡ್ಡದನ್ನೇ ತಗೊಳ್ಳಿ.

ನೊರೆ ಇಳಿಯೋಕೆ ಕಾರಣ ಎರಡು. ಈ ಕೂದಲು ನೀರು ಕುಡಿಯುತ್ತೆ. ಉಗುರುಬೆಚ್ಚಗಿನ ನೀರಲ್ಲಿ 2–3 ನಿಮಿಷ ನೆನೆಸದಿದ್ದರೆ ನೊರೆಯ ನೀರನ್ನೇ ಹೀರಿಬಿಡುತ್ತೆ. ಕೂದಲು ಮಾತ್ರ ಮುಳುಗಲಿ, ಮರದ ಹಿಡಿ ನೆಂದರೆ ಬಿರಿಯುತ್ತೆ. ಎರಡನೆಯದು, ನಮ್ಮ ಮೈಸೂರಿನ ಬೋರ್ ನೀರು. ಗಡಸು ನೀರಿನ ಕ್ಯಾಲ್ಸಿಯಂ ಸೋಪನ್ನು ಗಸಿ ಮಾಡುತ್ತೆ. ಕಾವೇರಿ ನೀರಲ್ಲಿ ಅದೇ ಸೋಪು ದಪ್ಪ ನೊರೆ ಕೊಡುತ್ತೆ. ಹೊಸ ಬ್ರಷ್‌ನ ಕೂದಲ ತುದಿ ಸೀಳಿ ಮೆತ್ತಗಾಗೋಕೆ ಕೆಲವು ವಾರ ಬೇಕು. ಹೊಸದರ ವಾಸನೆ ಹೋಗೋಕೆ ಶಾಂಪೂ ಹಾಕಿ ತೊಳೆದರೆ ಸಾಕು.