ನೆಕ್ಸ್ಟ್‌ಕ್ಲೌಡ್‌ಗೆ ಎಕ್ಸ್‌ಟರ್ನಲ್ ಡಿಸ್ಕ್ ಜೋಡಿಸಿದ ಮೇಲೆ ಫೋಲ್ಡರ್ ಖಾಲಿ ಕಾಣುತ್ತಿದೆ, ‘ಗೋಮಿ’ ಎಂಬ ಫೋಲ್ಡರ್ ಕಾಣಿಸುತ್ತಲೇ ಇಲ್ಲ

ಪ್ರಶ್ನೆ (ಇಳಕಲ್, ಬಾಗಲಕೋಟೆ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಕೈಮಗ್ಗದ ಮನೆತನ. ತಂದೆಯವರು ಗ್ರಾಫ್ ಹಾಳೆಯ ಮೇಲೆ ಬರೆದಿಟ್ಟ ದಡಿ ಮತ್ತು ಸೆರಗಿನ ವಿನ್ಯಾಸಗಳನ್ನು, ಹಾಳೆಗಳು ಮಡಿಕೆಯಲ್ಲಿ ಹರಿದುಹೋಗುವ ಮೊದಲೇ ಉಳಿಸಿಕೊಳ್ಳಬೇಕೆಂದು ಎರಡು ವರ್ಷಗಳಿಂದ ಸ್ಕ್ಯಾನ್ ಮಾಡುತ್ತಾ ಬಂದಿದ್ದೇನೆ. ಅವುಗಳನ್ನು ಗುಳೇದಗುಡ್ಡದಲ್ಲಿರುವ ಚಿಕ್ಕಪ್ಪನವರೂ ಬನಹಟ್ಟಿಯಲ್ಲಿರುವ ಅಕ್ಕನ ಮನೆಯವರೂ ತಮ್ಮ ಫೋನಿನಲ್ಲೇ ನೋಡುವಂತಾಗಲಿ ಎಂದು, ಮನೆಯಲ್ಲಿರುವ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿನಲ್ಲಿ ನೆಕ್ಸ್ಟ್‌ಕ್ಲೌಡ್ (ನಮ್ಮದೇ ಕಂಪ್ಯೂಟರಿನಿಂದ ಕಡತಗಳನ್ನು ಹಂಚುವ ತಂತ್ರಾಂಶ) ಹಾಕಿದ್ದೇನೆ. ಡಾಕರ್ ಬಳಸಿಲ್ಲ, ಅದಕ್ಕೆ ಬೇಕಾದ ಅಪಾಚೆ (ವೆಬ್ ಸರ್ವರ್), ಪಿಎಚ್‌ಪಿ, ಮರಿಯಾಡಿಬಿ (ಡೇಟಾಬೇಸ್) ಮೂರನ್ನೂ ನೇರವಾಗಿ ಹಾಕಿದ್ದೇನೆ. ವ್ಯವಸ್ಥೆಯೆಲ್ಲ 64 ಜಿಬಿ ಮೆಮೊರಿ ಕಾರ್ಡಿನ ಮೇಲಿದೆ. ಸ್ಕ್ಯಾನ್‌ಗಳಿಗಾಗಿ 2 ಟಿಬಿಯ ಯುಎಸ್‌ಬಿ ಹಾರ್ಡ್ ಡಿಸ್ಕ್ ಇದೆ. ಅದು ಹಿಂದೆ ವಿಂಡೋಸ್ ಕಂಪ್ಯೂಟರಿನಲ್ಲಿದ್ದದ್ದು, ಆದ್ದರಿಂದ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್‌ನಲ್ಲಿದೆ.

‘ಎಕ್ಸ್‌ಟರ್ನಲ್ ಸ್ಟೋರೇಜ್’ ಆ್ಯಪ್ ಸಕ್ರಿಯಗೊಳಿಸಿ, ‘ಲೋಕಲ್’ ಬಗೆಯನ್ನು ಆರಿಸಿ, ಡೆಸ್ಕ್‌ಟಾಪ್ ತಾನಾಗಿಯೇ ಡಿಸ್ಕನ್ನು ತೋರಿಸುವ ‘ಮೀಡಿಯಾ’ ಫೋಲ್ಡರಿನ ದಾರಿಯನ್ನು ಕೊಟ್ಟಾಗ ಕೆಂಪು ಗುರುತು ಬಂತು. ಡಿಸ್ಕಿನ ಮೇಲೆ ಚ್‌ಮಾಡ್ 777 (ಎಲ್ಲರಿಗೂ ಪೂರ್ತಿ ಅನುಮತಿ) ಕೊಟ್ಟರೂ ಏನೂ ಬದಲಾಗಲಿಲ್ಲ. ಆಮೇಲೆ ‘ಎಂಎನ್‌ಟಿ’ಯಲ್ಲಿ ‘ವಿನ್ಯಾಸ’ ಎಂಬ ಫೋಲ್ಡರ್ ಮಾಡಿ, ಅದನ್ನು ವೆಬ್ ಸರ್ವರಿನ ಬಳಕೆದಾರನ ಹೆಸರಿಗೆ ಬರೆದು, ಡಿಸ್ಕನ್ನು ಅಲ್ಲಿಗೆ ಕೈಯಾರೆ ಮೌಂಟ್ ಮಾಡಿದೆ (ಡಿಸ್ಕ್ ಆ ಫೋಲ್ಡರಿನಲ್ಲಿ ತೆರೆದುಕೊಳ್ಳುವಂತೆ ಜೋಡಿಸಿದೆ). ಹಸಿರು ಗುರುತು ಬಂದು ಎಂಟು ದಿನ ಎಲ್ಲವೂ ಸರಿಯಾಗಿತ್ತು. ಕರೆಂಟ್ ಹೋಗಿ ಬಂದ ದಿನದಿಂದ ಫೋಲ್ಡರ್ ಖಾಲಿ ಕಾಣುತ್ತಿದೆ, ಆದರೆ ಗುರುತು ಹಸಿರಾಗಿಯೇ ಇದೆ. ಚಿಕ್ಕಪ್ಪನವರು ಆ ಮೇಲೆ ಕಳಿಸಿದ ಚಿತ್ರಗಳು ಮಾತ್ರ ಕಾಣುತ್ತವೆ, ಮತ್ತು ಕಾರ್ಡಿನಲ್ಲಿ ಜಾಗ ಉಳಿದಿಲ್ಲ.

ಇನ್ನೊಂದು ಸಂಗತಿಯಿದೆ. ಎಲ್ಲವೂ ಸರಿಯಿದ್ದ ಆ ಎಂಟು ದಿನಗಳಲ್ಲಿಯೂ ದಡಿ, ಸೆರಗಿನ ಬಗೆಗಳ ಹೆಸರಿನ ಐದು ಫೋಲ್ಡರುಗಳಲ್ಲಿ ‘ಚಿಕ್ಕಿ’, ‘ಜರಿ’, ‘ಗಾಯತ್ರಿ’ ಕಾಣುತ್ತಿದ್ದವು. ‘ಗೋಮಿ’ ಮತ್ತು ‘ಟೋಪ ತೆನಿ’ ಕಾಣುತ್ತಿರಲಿಲ್ಲ. ಟರ್ಮಿನಲ್‌ನಲ್ಲಿ ನೋಡಿದರೆ ಐದೂ ಇರುತ್ತಿದ್ದವು. ಈ ಎರಡನ್ನು ಮಾತ್ರ ಗೆಳೆಯರೊಬ್ಬರ ಹಳೆಯ ಮ್ಯಾಕ್‌ನಿಂದ ಪೆನ್ ಡ್ರೈವ್‌ಗೆ ಹಾಕಿಸಿಕೊಂಡು ತಂದಿದ್ದೆ. ದಯವಿಟ್ಟು ತಿಳಿದವರು ದಾರಿ ತೋರಿಸಬೇಕು.

ಉತ್ತರ 1 (ಬೆಳಗಾವಿ)

ನಮಸ್ಕಾರ ಸರ್. ಮೊದಲು ಒಂದು ಮಾತು: ಈ ಉತ್ತರವನ್ನು ಪೂರ್ತಿ ಓದುವವರೆಗೆ ಏನನ್ನೂ ಅಳಿಸಬೇಡಿ. ತಮ್ಮ ಡಿಸ್ಕಿನಲ್ಲಿರುವ ಸ್ಕ್ಯಾನ್‌ಗಳು ಎಲ್ಲಿಯೂ ಹೋಗಿಲ್ಲ.

ಕೆಂಪು ಗುರುತಿನ ಕಾರಣ ಇಷ್ಟು. ನೆಕ್ಸ್ಟ್‌ಕ್ಲೌಡ್ ತಮ್ಮ ಹೆಸರಿನಲ್ಲಿ ಓಡುವುದಿಲ್ಲ, ವೆಬ್ ಸರ್ವರಿನ ‘ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ’ ಎಂಬ ಬಳಕೆದಾರನ ಹೆಸರಿನಲ್ಲಿ ಓಡುತ್ತದೆ. ಡೆಬಿಯನ್ ಬಳಗದ ಲಿನಕ್ಸ್‌ಗಳಲ್ಲಿ ಆತನ ಸಂಖ್ಯೆ 33. ಡೆಸ್ಕ್‌ಟಾಪ್ ತಾನಾಗಿ ಮೌಂಟ್ ಮಾಡುವಾಗ ‘ಮೀಡಿಯಾ’ದ ಒಳಗೆ ತಮ್ಮ ಹೆಸರಿನ ಫೋಲ್ಡರನ್ನು ತಮಗೊಬ್ಬರಿಗೇ ತೆರೆದಿಡುತ್ತದೆ. ಒಳಗಿನ ಡಿಸ್ಕಿಗೆ ಎಷ್ಟೇ ಅನುಮತಿ ಕೊಟ್ಟರೂ, ದಾರಿಯಲ್ಲಿರುವ ಒಂದೊಂದು ಫೋಲ್ಡರನ್ನೂ ಹಾಯ್ದುಹೋಗುವ ಅನುಮತಿ ಇಲ್ಲದಿದ್ದರೆ ಸರ್ವರ್ ಅಲ್ಲಿಗೆ ಮುಟ್ಟುವುದಿಲ್ಲ. ಅದಲ್ಲದೆ ಎನ್‌ಟಿಎಫ್‌ಎಸ್ ಡಿಸ್ಕನ್ನು ಹೀಗೆ ಮೌಂಟ್ ಮಾಡಿದಾಗ ಅನುಮತಿಗಳು ಮೌಂಟ್ ಮಾಡುವ ಹೊತ್ತಿನಲ್ಲಿಯೇ ನಿರ್ಧಾರವಾಗುತ್ತವೆ, ಆದ್ದರಿಂದ ತಾವು ಕೊಟ್ಟ ಚ್‌ಮಾಡ್ ಫಲ ಕೊಡಲಿಲ್ಲ.

ಎರಡನೆಯ ತೊಂದರೆ ಇದಕ್ಕಿಂತ ಗಂಭೀರವಾದದ್ದು. ಕೈಯಾರೆ ಮಾಡಿದ ಮೌಂಟ್ ಮರುಚಾಲನೆಯ ನಂತರ ಉಳಿಯುವುದಿಲ್ಲ. ಕರೆಂಟ್ ಬಂದು ಪೈ ಎದ್ದಾಗ ‘ವಿನ್ಯಾಸ’ ಎಂಬುದು ಕಾರ್ಡಿನ ಮೇಲಿನ ಬರಿಯ ಖಾಲಿ ಫೋಲ್ಡರ್ ಆಗಿತ್ತು, ಮತ್ತು ಆ ಖಾಲಿ ಫೋಲ್ಡರನ್ನೇ ತಾವು ಮೊದಲು ಸರ್ವರಿನ ಹೆಸರಿಗೆ ಬರೆದಿದ್ದರಿಂದ ನೆಕ್ಸ್ಟ್‌ಕ್ಲೌಡ್ ಯಾವ ದೂರನ್ನೂ ಹೇಳದೆ ಕಾರ್ಡಿನ ಮೇಲೆಯೇ ಬರೆಯುತ್ತಾ ಹೋಯಿತು. ಡೇಟಾಬೇಸ್ ಕೂಡ ಅದೇ ಕಾರ್ಡಿನಲ್ಲಿರುವುದರಿಂದ, ಜಾಗ ಮುಗಿದ ಸ್ಥಿತಿಯಲ್ಲಿ ಅದನ್ನು ಹೆಚ್ಚು ಹೊತ್ತು ಓಡಿಸುವುದು ಕ್ಷೇಮವಲ್ಲ.

ಈಗ ಹೀಗೆ ಮಾಡಿ. ಒಸಿಸಿ ಎಂಬ ಟರ್ಮಿನಲ್ ಆಜ್ಞೆಯಿಂದ ನೆಕ್ಸ್ಟ್‌ಕ್ಲೌಡನ್ನು ನಿರ್ವಹಣಾ ಸ್ಥಿತಿಗೆ ತನ್ನಿ. ಡಿಸ್ಕ್ ಮೌಂಟ್ ಆಗಿಲ್ಲವೆಂದು ಖಚಿತಪಡಿಸಿಕೊಂಡು, ‘ವಿನ್ಯಾಸ’ದೊಳಗೆ ಸೇರಿಕೊಂಡ ಹೊಸ ಚಿತ್ರಗಳನ್ನು ಬೇರೊಂದು ಪೆನ್ ಡ್ರೈವ್‌ಗೆ ನಕಲು ಮಾಡಿ, ನಕಲು ತೆರೆಯುತ್ತದೆಯೇ ನೋಡಿ, ಆಮೇಲೆಯೇ ಕಾರ್ಡಿನಿಂದ ತೆಗೆಯಿರಿ. ನಂತರ ಆ ಖಾಲಿ ಫೋಲ್ಡರನ್ನು ರೂಟ್ (ವ್ಯವಸ್ಥೆಯ ಮುಖ್ಯ ಬಳಕೆದಾರ) ಹೆಸರಿಗೆ ಮರಳಿಸಿ, ಬೇರೆ ಯಾರೂ ಅದರಲ್ಲಿ ಬರೆಯದಂತೆ ಮಾಡಿ.

ಶಾಶ್ವತ ಮೌಂಟ್‌ಗಾಗಿ ಎಫ್‌ಎಸ್‌ಟ್ಯಾಬ್ (ಪೈ ಚಾಲೂ ಆಗುವಾಗ ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕೆಂಬ ಪಟ್ಟಿ) ಕಡತದಲ್ಲಿ ಒಂದು ಸಾಲು ಸೇರಿಸಬೇಕು. ಅಲ್ಲಿ ‘ಎಸ್‌ಡಿಎ1’ ಎಂಬ ಹೆಸರನ್ನು ಬರೆಯಬೇಡಿ. ಇನ್ನೊಂದು ಡಿಸ್ಕ್ ಸಿಕ್ಕಿಸಿದರೆ ಆ ಹೆಸರು ಬದಲಾಗಬಹುದು. ಬಿಎಲ್‌ಕೆಐಡಿ ಆಜ್ಞೆ ತೋರಿಸುವ ಯುಯುಐಡಿಯನ್ನೇ (ಡಿಸ್ಕಿನ ಸ್ವಂತ ಗುರುತುಸಂಖ್ಯೆ) ಬರೆಯಿರಿ. ಆಯ್ಕೆಗಳಲ್ಲಿ ‘ನೋಫೇಲ್’ ಇರಲೇಬೇಕು, ಇಲ್ಲದಿದ್ದರೆ ಡಿಸ್ಕ್ ಸಿಗದ ದಿನ ಪೈ ತುರ್ತು ಸ್ಥಿತಿಯಲ್ಲಿ ನಿಂತುಬಿಡುತ್ತದೆ. ಡಿಸ್ಕ್ ಎನ್‌ಟಿಎಫ್‌ಎಸ್ ಆಗಿಯೇ ಇರುವವರೆಗೆ ಯುಐಡಿ 33, ಜಿಐಡಿ 33 (ವೆಬ್ ಸರ್ವರಿನ ಬಳಕೆದಾರ ಮತ್ತು ಗುಂಪಿನ ಸಂಖ್ಯೆ), ಯುಮಾಸ್ಕ್ 007 (ಬೇರೆಯವರಿಗೆ ಅನುಮತಿಯಿಲ್ಲ) ಎಂಬ ಮೂರನ್ನೂ ಅದೇ ಸಾಲಿನಲ್ಲಿ ಕೊಡಿ. ಬರೆದ ಮೇಲೆ ಮರುಚಾಲನೆಗೆ ಮೊದಲೇ ‘ಮೌಂಟ್ -ಎ’ ಕೊಟ್ಟು ಸಾಲು ಸರಿಯಿದೆಯೇ ಪರೀಕ್ಷಿಸಿ.

ಕೊನೆಯದಾಗಿ, ನಾನು ಎಲ್ಲರಿಗೂ ಒತ್ತಿ ಹೇಳುವುದು ಇದನ್ನೇ: ನೆಕ್ಸ್ಟ್‌ಕ್ಲೌಡ್‌ಗೆ ಮೌಂಟ್ ಮಾಡಿದ ಜಾಗವನ್ನು ಕೊಡಬೇಡಿ, ಡಿಸ್ಕಿನ ಒಳಗೆ ಒಂದು ಫೋಲ್ಡರ್ ಮಾಡಿ ಅದರ ದಾರಿಯನ್ನು ಕೊಡಿ. ಉದಾಹರಣೆಗೆ ಡಿಸ್ಕಿನೊಳಗೆ ‘ಕಡತಗಳು’ ಎಂಬ ಫೋಲ್ಡರ್ ಇರಲಿ, ಐದೂ ಫೋಲ್ಡರುಗಳು ಅದರೊಳಗೆ ಬರಲಿ. ಡಿಸ್ಕ್ ಇಲ್ಲದ ದಿನ ಆ ಫೋಲ್ಡರೂ ಇರುವುದಿಲ್ಲ, ಗುರುತು ಕೆಂಪಾಗುತ್ತದೆ, ಬರೆಯುವುದು ನಿಲ್ಲುತ್ತದೆ. ಈಗ ಆದಂತೆ ಖಾಲಿ ಫೋಲ್ಡರ್ ಎದುರಾದರೆ, ಕಡತಗಳನ್ನು ಯಾರೋ ಅಳಿಸಿದ್ದಾರೆಂದೇ ಸರ್ವರ್ ತಿಳಿದು ಡೇಟಾಬೇಸ್‌ನಿಂದ ಅವುಗಳ ನಮೂದನ್ನು ತೆಗೆಯುತ್ತದೆ. ಡಿಸ್ಕ್ ಮರಳಿದಾಗ ಅವೇ ಕಡತಗಳಿಗೆ ಹೊಸ ಸಂಖ್ಯೆ ಸಿಗುವುದರಿಂದ ಹಿಂದೆ ಹಂಚಿದ ಕೊಂಡಿಗಳು ಕೆಲಸ ಮಾಡುವುದಿಲ್ಲ. ಚಿಕ್ಕಪ್ಪನವರಿಗೆ ಕಳಿಸಿದ ಕೊಂಡಿಗಳನ್ನು ಬಹುಶಃ ಹೊಸದಾಗಿ ಕಳಿಸಬೇಕಾದೀತು. ಹಾಗೆ ಹಂಚುವ ಮೊದಲು ಆ ಸ್ಟೋರೇಜಿನ ಆಯ್ಕೆಗಳಲ್ಲಿ ‘ಹಂಚಿಕೆ’ಗೆ ಗುರುತು ಹಾಕಿದೆಯೇ ನೋಡಿಕೊಳ್ಳಿ.

ಉತ್ತರ 2 (ವಿಜಯಪುರ)

‘ಗೋಮಿ’ಯ ವಿಷಯಕ್ಕೆ ನಾನು ಉತ್ತರಿಸುತ್ತೇನೆ, ಏಕೆಂದರೆ ನಮ್ಮ ಮನೆಯ ಹಸ್ತಪ್ರತಿಗಳ ಚಿತ್ರಗಳಲ್ಲಿ ಇದೇ ತೊಂದರೆಯನ್ನು ಒಂದು ತಿಂಗಳು ಅನುಭವಿಸಿದ್ದೇನೆ. ಕಾಣುವ ಮೂರು ಹೆಸರುಗಳನ್ನೂ ಕಾಣದ ಎರಡು ಹೆಸರುಗಳನ್ನೂ ಅಕ್ಕಪಕ್ಕ ಇಟ್ಟು ನೋಡಿ. ಕಾಣದ ಎರಡರಲ್ಲಿಯೂ ‘ಓ’ಕಾರದ ಗುಣಿತವಿದೆ: ಗೋ, ಟೋ.

ಯೂನಿಕೋಡ್‌ನಲ್ಲಿ ನಮ್ಮ ‘ೋ’ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡುಗಳ ಜೋಡಣೆಯಾಗಿಯೂ ಬರೆಯಬಹುದು. ದೀರ್ಘ ‘ೀ’, ‘ೇ’, ‘ೈ’, ‘ೊ’ಗಳಿಗೂ ಹೀಗೆಯೇ ಬಿಡಿಸಿದ ರೂಪವಿದೆ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಹಳೆಯ ಮ್ಯಾಕ್‌ಗಳ ಕಡತ ವ್ಯವಸ್ಥೆ ಹೆಸರುಗಳನ್ನು ಬಿಡಿಸಿದ ರೂಪದಲ್ಲಿ, ಅಂದರೆ ಎನ್‌ಎಫ್‌ಡಿಯಲ್ಲಿ ಇಡುತ್ತಿತ್ತು. ನೆಕ್ಸ್ಟ್‌ಕ್ಲೌಡ್ ಕೂಡಿಸಿದ ರೂಪವನ್ನು, ಅಂದರೆ ಎನ್‌ಎಫ್‌ಸಿಯನ್ನು ನಿರೀಕ್ಷಿಸುತ್ತದೆ. ಬಿಡಿಸಿದ ಹೆಸರು ಎದುರಾದರೆ ಲಾಗ್‌ನಲ್ಲಿ ಒಂದು ಸಾಲು ಬರೆದು ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ‘ಚಿಕ್ಕಿ’, ‘ಜರಿ’, ‘ಗಾಯತ್ರಿ’ಗಳಲ್ಲಿ ಬಿಡಿಸುವಂಥ ಚಿಹ್ನೆಯೇ ಇಲ್ಲ, ಆದ್ದರಿಂದ ಅವು ಮ್ಯಾಕ್‌ನಿಂದ ಬಂದಿದ್ದರೂ ಕಾಣುತ್ತಿದ್ದವು.

ಎಕ್ಸ್‌ಟರ್ನಲ್ ಸ್ಟೋರೇಜಿನ ಆಯ್ಕೆಗಳಲ್ಲಿ ಮ್ಯಾಕ್‌ನ ಎನ್‌ಎಫ್‌ಡಿಗೆ ಹೊಂದಿಕೊಳ್ಳುವ ಒಂದು ಗುರುತಿದೆ, ಆದರೆ ಅದು ನಿಧಾನವೆಂದು ಅಲ್ಲಿಯೇ ಬರೆದಿದ್ದಾರೆ. ಹೆಸರುಗಳನ್ನೇ ಒಮ್ಮೆ ಸರಿಪಡಿಸುವುದು ಒಳ್ಳೆಯದು. ‘ಕನ್ವ್‌ಎಂವಿ’ ಎಂಬ ಉಪಕರಣಕ್ಕೆ ಎರಡೂ ಕಡೆ ಯುಟಿಎಫ್-8 ಎಂದು ಹೇಳಿ, ಎನ್‌ಎಫ್‌ಸಿ ಆಯ್ಕೆ ಕೊಟ್ಟರೆ, ಅದು ಮೊದಲು ಏನೇನು ಬದಲಾಗುತ್ತದೆಂದು ತೋರಿಸುತ್ತದೆಯೇ ಹೊರತು ಏನನ್ನೂ ಮುಟ್ಟುವುದಿಲ್ಲ. ಪಟ್ಟಿ ಸರಿಯೆನಿಸಿದ ಮೇಲೆ ‘ನೋಟೆಸ್ಟ್’ ಆಯ್ಕೆಯೊಂದಿಗೆ ಮತ್ತೆ ಓಡಿಸಿ, ನಂತರ ‘ಫೈಲ್ಸ್:ಸ್ಕ್ಯಾನ್’ ಆಜ್ಞೆ ಕೊಡಿ.

ಮುಂದೆ ಡಿಸ್ಕನ್ನು ಲಿನಕ್ಸ್‌ನ ಫಾರ್ಮ್ಯಾಟ್ ಆದ ಇಎಕ್ಸ್‌ಟಿ4ಗೆ ಬದಲಾಯಿಸುವುದಾದರೆ (ಪೈಗೆ ಮಾತ್ರ ಮೀಸಲಾದ ಡಿಸ್ಕ್ ಆಗಿದ್ದರೆ ಬದಲಾಯಿಸುವುದೇ ಲೇಸು) ಕನ್ನಡದ ಹೆಸರುಗಳಿಗೆ ಇನ್ನೊಂದು ತೊಡಕಿದೆ. ಎನ್‌ಟಿಎಫ್‌ಎಸ್‌ನಲ್ಲಿ ಒಂದು ಹೆಸರಿಗೆ 255 ಸಂಕೇತಗಳವರೆಗೆ ಅವಕಾಶ. ಇಎಕ್ಸ್‌ಟಿ4ರಲ್ಲಿ 255 ಬೈಟ್‌ಗಳವರೆಗೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು, ಮತ್ತು ಗುಣಿತ, ಒತ್ತಕ್ಷರಗಳ ಚಿಹ್ನೆಗಳೂ ಬೇರೆ ಬೇರೆ ಸಂಕೇತಗಳೇ. ‘ಸೆರಗು’ ಎಂಬ ಮೂರಕ್ಷರದ ಪದ 15 ಬೈಟ್ ತೆಗೆದುಕೊಳ್ಳುತ್ತದೆ, ‘ಲಕ್ಷ್ಮಿ’ ಎಂಬ ಎರಡಕ್ಷರದ ಹೆಸರು 21. ಹೀಗಾಗಿ ಒಟ್ಟು 85 ಸಂಕೇತಗಳಿಗೇ ಮಿತಿ ಮುಟ್ಟುತ್ತದೆ. ಹಸ್ತಪ್ರತಿಯ ಮೊದಲ ಸಾಲನ್ನೇ ಕಡತದ ಹೆಸರಾಗಿ ಕೊಟ್ಟಿದ್ದ ನನ್ನ ಹಲವು ಚಿತ್ರಗಳು ನಕಲು ಮಾಡುವಾಗ ‘ಹೆಸರು ಉದ್ದವಾಯಿತು’ ಎಂದು ಹಿಂದೆಯೇ ಉಳಿದವು. ಆ ಸಂದೇಶಗಳನ್ನು ಗಮನಿಸದೆ ಹಳೆಯ ಡಿಸ್ಕನ್ನು ಫಾರ್ಮ್ಯಾಟ್ ಮಾಡಿದ್ದರೆ ಅವು ಶಾಶ್ವತವಾಗಿ ಹೋಗುತ್ತಿದ್ದವು. ಆದ್ದರಿಂದ ನಕಲಾದ ಮೇಲೆ ಎರಡೂ ಕಡೆಯ ಕಡತಗಳ ಸಂಖ್ಯೆಯನ್ನು ಎಣಿಸಿ ಹೋಲಿಸದೆ ಹಳೆಯ ಡಿಸ್ಕನ್ನು ಮುಟ್ಟಬೇಡಿ.

ಉತ್ತರ 3 (ಬಾಗಲಕೋಟೆ)

ಪೈ 4ರ ನಾಲ್ಕೂ ಯುಎಸ್‌ಬಿ ಕಿಂಡಿಗಳಿಗೆ ಸೇರಿ ಒಟ್ಟು 1.2 ಆಂಪಿಯರ್ ಮಾತ್ರ ವಿದ್ಯುತ್ ಸಿಗುತ್ತದೆ. ತಿರುಗುವ ಹಾರ್ಡ್ ಡಿಸ್ಕ್ ಚಾಲೂ ಆಗುವ ಕ್ಷಣದಲ್ಲಿ ಅದರ ಬಹುಭಾಗವನ್ನು ಕೇಳಬಹುದು, ಸಾಲದಿದ್ದರೆ ನಡುವೆಯೇ ಕಳಚಿಕೊಳ್ಳುತ್ತದೆ. ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಬಳಸಿ, ಪೈ ಮತ್ತು ಹಬ್ ಎರಡನ್ನೂ ಯುಪಿಎಸ್‌ಗೆ ಜೋಡಿಸಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಬೆಳಗಾವಿಯ ಸರ್ ಹೇಳಿದ ಕ್ರಮದಲ್ಲಿಯೇ ಮಾಡಿದೆ. ಕಾರ್ಡಿನೊಳಗೆ ಸೇರಿದ್ದ ಚಿತ್ರಗಳೆಲ್ಲ ಸಿಕ್ಕಿವೆ. ಬೇಕೆಂದೇ ಡಿಸ್ಕ್ ತೆಗೆದು ಮರುಚಾಲನೆ ಮಾಡಿದಾಗ ಗುರುತು ಕೆಂಪಾಯಿತು, ಮತ್ತೆ ಜೋಡಿಸಿ ಮರುಚಾಲನೆ ಮಾಡಿದಾಗ ಹಸಿರಾಯಿತು. ವಿಜಯಪುರದ ಅಕ್ಕಾವ್ರೇ, ಹೆಸರು ಸರಿಪಡಿಸಿ ಸ್ಕ್ಯಾನ್ ಕೊಟ್ಟ ಕೂಡಲೇ ‘ಗೋಮಿ’ಯೂ ‘ಟೋಪ ತೆನಿ’ಯೂ ಬಂದವು. ಒಂದು ಸಂದೇಹ ಉಳಿದಿದೆ: ಮಸುಕಾಗಿ ಬಂದ ಸುಮಾರು 6 ಜಿಬಿ ಸ್ಕ್ಯಾನ್‌ಗಳನ್ನು ವೆಬ್ ಪುಟದಿಂದಲೇ ಅಳಿಸಿದೆ. ಡಿಸ್ಕಿನಲ್ಲಿ ಜಾಗ ಬಿಡುವಾಯಿತು, ಆದರೆ ಕಾರ್ಡಿನಲ್ಲಿ ಅಷ್ಟೇ ಜಾಗ ಕಡಿಮೆಯಾಗಿದೆ. ಇದೇಕೆ?

ಉತ್ತರ 1 ಕೊಟ್ಟವರಿಂದ (ಬೆಳಗಾವಿ)

ಎಕ್ಸ್‌ಟರ್ನಲ್ ಸ್ಟೋರೇಜಿನಿಂದ ಅಳಿಸಿದ ಕಡತಗಳು ತಮ್ಮ ಖಾತೆಯ ಕಸದಬುಟ್ಟಿಗೆ ಹೋಗುತ್ತವೆ, ಮತ್ತು ಆ ಬುಟ್ಟಿ ಇರುವುದು ಮೂಲ ಡೇಟಾ ಫೋಲ್ಡರಿನಲ್ಲಿ, ಅಂದರೆ ತಮ್ಮ ಕಾರ್ಡಿನ ಮೇಲೆ. ಬೇಡವೆಂದು ಖಚಿತವಿದ್ದರೆ ಬುಟ್ಟಿಯನ್ನು ಖಾಲಿ ಮಾಡಿ. ಕಾನ್ಫಿಗ್ ಕಡತದಲ್ಲಿ ಬುಟ್ಟಿಯ ಅವಧಿಯನ್ನು ಕಡಿಮೆ ಮಾಡುವ ಅವಕಾಶವೂ ಇದೆ, ಆದರೆ ತಂದೆಯವರ ಹಾಳೆಗಳಂಥ ವಸ್ತುವಿಗೆ ನಾನು ಅದನ್ನು ಮಾಡುವುದಿಲ್ಲ. ಎರಡನೆಯ ಡಿಸ್ಕಿನಲ್ಲಿ ಇನ್ನೊಂದು ಪ್ರತಿ ಸಿದ್ಧವಾಗುವವರೆಗೆ ಆ 6 ಜಿಬಿ ಅಲ್ಲಿಯೇ ಇರಲಿ.