ಬಿಸಲಾಗ ನಿಲ್ಲೋ ಕರೀ ಕಾರಿಗೆ ವ್ಯಾಕ್ಸ್ ಎಷ್ಟ್ ದಿನಾ ತಡೀತೈತಿ?

ಕರೀಗಾಡಿ_ಹುಬ್ಬಳ್ಳಿ:
ಎಲ್ಲಾರಿಗೂ ನಮಸ್ಕಾರ್ರಿ. ನಂದು ಕರೀ ಬಣ್ಣದ ಕಾರು, ಗೋಕುಲ್ ರೋಡ್ ಕಡೆ ಕೆಲಸ, ಅಲ್ಲಿ ಶೆಡ್ ಇಲ್ಲ, ಮುಂಜಾನಿಂದ ಸಂಜೀತನಕ ಗಾಡಿ ಬಿಸಲಾಗ ನಿಂತಿರ್ತೈತಿ. ಕಾರ್ನೂಬಾ (ಒಂದು ತಾಳಿ ಜಾತಿ ಗಿಡದ ಎಲಿ ಮೇಣ) ಪೇಸ್ಟ್ ವ್ಯಾಕ್ಸ್ ಹಚ್ಚೀನಿ, ಡಬ್ಬಿ ಮ್ಯಾಲ 3 ತಿಂಗಳು ಅಂತ ಬರದೈತಿ, ಆದ್ರ ತಿಂಗಳು ತುಂಬೂದ್ರಾಗ ಬಾನೆಟ್ ಮತ್ತ ರೂಫ್ ಮ್ಯಾಲ ನೀರು ಹನಿ ಆಗಿ ನಿಂದ್ರವಲ್ದು, ಚಾದರ ಹಾಸಿದಂಗ ಹರಡಿ ಬಿಡತೈತಿ, ಡೋರ್ ಮ್ಯಾಲ ನೋಡಿದ್ರ ಇನ್ನೂ ದುಂಡನ ಹನಿ. ಮಾಲ್ ಖರಾಬ್ ಅಂತೀರೋ, ಬಿಸಲಿಂದೋ?

ಹಾವೇರಿ_ಹೈವೇ:
ಮಾಲ್ ಖರಾಬ್ ಅಲ್ರಿ ಸರ, ಖರಾಬ್ ಇದ್ದಿದ್ರ ಡೋರ್ ಮ್ಯಾಲಿಂದೂ ಹೋಗ್ಬೇಕಿತ್ತು. ರೂಫ್, ಬಾನೆಟ್ ಮ್ಯಾಲ ಬಿಸಲು ನೆಟ್ಟಗ ಬೀಳ್ತೈತಿ, ಬಾನೆಟ್ಟಿಗೆ ಕೆಳಗಿಂದ ಇಂಜಿನ್ ಕಾವು ಬ್ಯಾರೆ. ಕಾರ್ನೂಬಾ ಕರಗೂದು 82-86 ಡಿಗ್ರಿಗೆ, ಆದ್ರ ಡಬ್ಬ್ಯಾಗಿಂದು ಶುದ್ಧ ಕಾರ್ನೂಬಾ ಅಲ್ಲ, ಮೆತ್ತನ ಮೇಣ, ಎಣ್ಣಿ ಎಲ್ಲಾ ಕೂಡಿಸಿರ್ತಾರ, ಕಾವಿಗೆ ಅವ ಮೊದಲ ಹೋಗ್ತಾವ, ಉಳದದ್ದನ್ನ ಬಿಸಲಿನ ಅಲ್ಟ್ರಾವಯಲೆಟ್ ಕಿರಣ ದಿನಾ ಒಂದಿಷ್ಟು ಒಡೀತೈತಿ. ಕರೀ ಗಾಡಿ ಬಿಳೀದಕ್ಕಿಂತ ಭಾಳ ಕಾಯ್ತೈತಿ. ದಿನಾ ಬಿಸಲಾಗ ನಿಲ್ಲೋ ಗಾಡಿಗೆ ಕಾರ್ನೂಬಾ ಒಂದೂವರಿ-ಎರಡು ತಿಂಗಳು ಬಂದ್ರ ಅದ ದೊಡ್ಡದು. ಬೇಸಿಗಿಗೆ ಪಾಲಿಮರ್ ಸೀಲಂಟ್ (ಮೇಣದ ಬದಲಿಗೆ ಹಚ್ಚೋ ಕೃತಕ ಲೇಪ) ಹಚ್ರಿ, ಹೊಳಪು ಸ್ವಲ್ಪ ಕಡಿಮಿ ಅನಸ್ತೈತಿ ಖರೆ, ಆದ್ರ ಕಾವು ತಡಿಯೂದು ಅದ.

ಗದಗ_ಸವಾರಿ:
ಮ್ಯಾಲಿನವ್ರು ಹೇಳಿದ್ದು ಬರೋಬ್ಬರಿ, ಆದ್ರ ಹನಿ ನಿಂದ್ರವಲ್ದು ಅಂದಕೂಡ್ಲೇ ವ್ಯಾಕ್ಸ್ ಹೋತು ಅನ್ನಬ್ಯಾಡ್ರಿ. ನಮ್ಮ ಕಡೆ ಬೋರ್ ನೀರು ಗಡಸು, ಬಿಸಲಾಗ ಗಾಡಿ ತೊಳದ್ರ ಒರಸೂದ್ರಾಗ ಆರಿ ಬಿಳೀ ಕಲಿ ಕುಂದರತಾವ, ಅದರ ಮ್ಯಾಲ ಎರಿಹೊಲದ ಧೂಳು ಹತ್ತಿದ್ರ ಕೆಳಗ ವ್ಯಾಕ್ಸ್ ಇದ್ರೂ ನೀರಿಗೆ ಅದು ಸಿಗೂದಿಲ್ಲ. ಒಂದ್ಸಲ ನೆಳ್ಳಾಗ ಕಾರ್ ಶಾಂಪೂ ಹಾಕಿ ಚೊಲೋತ್ನಂಗ ತೊಳದು ಆಮ್ಯಾಲ ನೋಡ್ರಿ, ಹನಿ ವಾಪಸ್ ಬಂದ್ರ ವ್ಯಾಕ್ಸ್ ಐತಿ ಅಂತ. ಬಟ್ಟಿ ತೊಳಿಯೋ ಪೌಡರ್ ಮಾತ್ರ ಹಾಕಬ್ಯಾಡ್ರಿ, ಬಿಸಲಿಗಿಂತ ಜಲ್ದಿ ವ್ಯಾಕ್ಸ್ ತಗೀತೈತಿ. ಮುಂಜಾನೆ ಒಣಾ ಅರಬೀಲೆ ಧೂಳು ಒರಸೂದೂ ಬಿಡ್ರಿ, ವ್ಯಾಕ್ಸ್ ಜೋಡಿ ಕ್ಲಿಯರ್ ಕೋಟಿಗೂ (ಬಣ್ಣದ ಮ್ಯಾಲಿನ ಪಾರದರ್ಶಕ ಪದರಕ್ಕೂ) ಗೀರು ಬೀಳ್ತಾವ.

ಕರೀಗಾಡಿ_ಹುಬ್ಬಳ್ಳಿ:
ಶಾಂಪೂ ಹಾಕಿ ತೊಳದ್ನಿರಿ, ಬಾನೆಟ್ ಅಂಚಿನಾಗ ಹನಿ ವಾಪಸ್ ಬಂದ್ವು, ನಡಬರಕ ಮತ್ತ ರೂಫಿನಾಗ ಇಲ್ಲ. ಮಳಿಗಾಲಕ್ಕ ಹೆಂಗ್ರಿ? ಗಿಡದ ಕೆಳಗ ನಿಂದ್ರಿಸಿದ್ರ ಅನುಕೂಲ ಏನು?

ಧಾರವಾಡ_ಅಕ್ಕ:
ಹಂಗಾದ್ರ ನಡಬರಕ ಖರೇನ ಹೋಗೇತಿ. ಎಲ್ಲಾ ಗಾಡಿಗೆ ಹಚ್ಚೂದು ಬ್ಯಾಡ್ರಿ, ರೂಫ್ ಮತ್ತ ಬಾನೆಟ್ಟಿಗೆ ಅಷ್ಟ ಹಚ್ರಿ. ಫೆಬ್ರುವರಿ ಕಡೀಕ ಒಮ್ಮೆ, ರೋಹಿಣಿ ಮಳಿ ಹಿಡಿಯೂದಕ್ಕಿಂತ ಮೊದಲ ಇನ್ನೊಮ್ಮೆ, ಯಾಕಂದ್ರ ನಮ್ಮ ಧಾರವಾಡದಾಗ ಜಿಟಿಜಿಟಿ ಹಿಡಿದ ಮ್ಯಾಲ ಗಾಡಿ ಪೂರಾ ಒಣಗೂದ ಇಲ್ಲ, ಹಸೀ ಪೇಂಟ್ ಮ್ಯಾಲ ವ್ಯಾಕ್ಸ್ ಹಿಡಿಯೂದಿಲ್ಲ. ಮಳಿ ನೀರಷ್ಟಕ್ಕ ಏನೂ ಭಾಳ ಆಗೂದಿಲ್ರಿ, ಕೆಸರು ಸಿಡದು ಮತ್ತ ಮತ್ತ ತೊಳೀತೀವಲ್ಲ, ಅದರಾಗ ಸವೀತೈತಿ. ಗಿಡದ ನೆಳ್ಳು ಅಂದ್ರ ಯಾವ ಗಿಡಾ ಅಂತ ನೋಡ್ರಿ, ಮಾವಿನ ಗಿಡಾ ಹೂ ಬಿಟ್ಟಾಗ ಜಿಗಿಹುಳದ ಅಂಟು ಗ್ಲಾಸ್ ಮ್ಯಾಲೆಲ್ಲಾ ಬೀಳ್ತೈತಿ, ಹಕ್ಕಿ ಹಿಕ್ಕಿ ಬಿಸಲಿಗೆ ಕಾದ್ರ ವ್ಯಾಕ್ಸ್ ದಾಟಿ ಪೇಂಟಿಗೇ ಕಲಿ ಮಾಡತೈತಿ, ಅದನ್ನ ಅವತ್ತ ಒದ್ದೀ ಅರಬಿ ಇಟ್ಟು ನೆನಸಿ ತಗೀರಿ. ಹಚ್ಚೂವಾಗ ಬಾನೆಟ್ ತಣ್ಣಗಿರಲಿ, ತೆಳ್ಳಗ ಹಚ್ರಿ, ದಪ್ಪ ಹಚ್ಚಿದ್ದೆಲ್ಲಾ ಒರಸೋ ಅರಬಿಗೇ ಹೋಗ್ತೈತಿ.