ಟ್ರೈನಿಂಗ್ ಇಲ್ಲದೆ ಕಾಂಬೋಡಿಯಾಕ್ಕೆ ಇಂಗ್ಲಿಷ್ ಕಲಿಸಲು ಹೋಗಬಹುದಾ?

ತುಂಗಾತೀರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನಗೆ 24 ವರ್ಷ, ಊರು ತೀರ್ಥಹಳ್ಳಿ ಹತ್ತಿರ. ಏಳನೇ ತರಗತಿವರೆಗೆ ಕನ್ನಡ ಮೀಡಿಯಂ. ಬಿ.ಕಾಂ. ಮುಗಿಸಿ ಬೆಂಗಳೂರಿನಲ್ಲಿ ಎರಡು ವರ್ಷ ಅಕೌಂಟ್ಸ್ ಕೆಲಸ ಮಾಡಿದೆ. ಈಗ ಬಿಟ್ಟಿದ್ದೇನೆ, ಸದ್ಯ ಊರಲ್ಲೇ ಇದ್ದೇನೆ. ಮುಂದಿನದು ಹಿಡಿಯುವ ಮೊದಲು ಆರು ವಾರ ಕಾಂಬೋಡಿಯಾದ ಸಿಯೆಮ್ ರೀಪ್‌ನಲ್ಲಿ (ಅಂಕೋರ್ ವಾಟ್ ಇರುವ ಊರು) ಮಕ್ಕಳಿಗೆ ಇಂಗ್ಲಿಷ್ ಕಲಿಸಬೇಕು ಅಂತ ಆಸೆ. ಒಂದು ಏಜೆನ್ಸಿಯವರು "ಅನುಭವ ಬೇಡ, ಇಂಗ್ಲಿಷ್ ಮಾತಾಡಲು ಬಂದರೆ ಸಾಕು" ಅನ್ನುತ್ತಿದ್ದಾರೆ. ಊಟ, ವಸತಿ ಸೇರಿ 80 ಸಾವಿರ, ವಿಮಾನದ ಖರ್ಚು ಬೇರೆ. ಬೆಳಿಗ್ಗೆ ಅನಾಥಾಶ್ರಮ, ಮಧ್ಯಾಹ್ನ ಶಾಲೆ.

ಅಮ್ಮನಿಗೆ ಹೇಳಿದೆ. ಅವರು ಬೇಡ ಅನ್ನಲಿಲ್ಲ. "ನಿನಗೆ ಪಾಠ ಮಾಡೋಕೆ ಬರುತ್ತಾ?" ಅಂತ ಅಷ್ಟೇ ಕೇಳಿದರು. ಆ ಪ್ರಶ್ನೆ ಮನಸ್ಸಿನಿಂದ ಹೋಗುತ್ತಿಲ್ಲ. ಹೋಗಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಸೀಮೆಸುಣ್ಣ:

ನಾನು ಸರ್ಕಾರಿ ಹೈಸ್ಕೂಲಿನಲ್ಲಿ 19 ವರ್ಷದಿಂದ ಇಂಗ್ಲಿಷ್ ಮೇಷ್ಟ್ರು. ನಿಮ್ಮ ತಾಯಿ ಸರಿಯಾದ ಜಾಗಕ್ಕೇ ಕೈ ಇಟ್ಟಿದ್ದಾರೆ.

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ನಿಮಗೆ ಕನ್ನಡ ಹುಟ್ಟಿನಿಂದ ಬರುತ್ತದೆ, ಅಲ್ವಾ? ಕನ್ನಡ ಬಾರದ ಸ್ನೇಹಿತರೊಬ್ಬರಿಗೆ ವಿವರಿಸಿ: "ನಾನು ಊಟ ಮಾಡಿದೆ" ಅನ್ನುತ್ತೇವೆ, ಆದರೆ "ನನಗೆ ಹಸಿವಾಗಿದೆ" ಅನ್ನುತ್ತೇವೆ. ಒಂದು ಕಡೆ ನಾನು, ಇನ್ನೊಂದು ಕಡೆ ನನಗೆ, ಯಾಕೆ? ಅವರು ಇದೇ ರೀತಿಯ ಇನ್ನೊಂದು ವಾಕ್ಯವನ್ನು ತಾವೇ ಹೇಳುವಂತೆ ಮಾಡಿ. ಅಲ್ಲಿಗೆ ಗೊತ್ತಾಗುತ್ತದೆ, ಭಾಷೆ ಬರುವುದು ಬೇರೆ, ಕಲಿಸುವುದು ಬೇರೆ.

ಹಾಸನದ ಹುಡುಗಿ:

ತಂಗಿ, ನಾನು ಹೀಗೇ ಹೋದವಳು. 2018ರ ನವೆಂಬರ್‌ನಲ್ಲಿ, ಎಂಟು ವಾರ. ಸಿಯೆಮ್ ರೀಪ್‌ನಿಂದ ಟೊನ್ಲೆ ಸಾಪ್ ಸರೋವರದ ಕಡೆಗೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. ಆಗ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದೆ. ಒಂದು ದಿನವೂ ಪಾಠ ಮಾಡಿದವಳಲ್ಲ. ನಾನೂ ಏಜೆನ್ಸಿಯ ಮೂಲಕವೇ ಹೋದೆ. ಹೆಸರು ಹೇಳುವುದಿಲ್ಲ.

ಅಲ್ಲಿ ಇಂತಹ ತರಗತಿಗಳು ಯಾಕಿವೆ ಅಂತ ಮೊದಲು ತಿಳಿದುಕೊಳ್ಳಿ. ಎಷ್ಟೋ ಸರ್ಕಾರಿ ಶಾಲೆಗಳು ಎರಡು ಪಾಳಿಯಲ್ಲಿ ನಡೆಯುತ್ತವೆ. ಕೆಲವು ಮಕ್ಕಳಿಗೆ ಬೆಳಿಗ್ಗೆ, ಕೆಲವರಿಗೆ ಮಧ್ಯಾಹ್ನ. ಉಳಿದ ಅರ್ಧ ದಿನ ಖಾಲಿ. ಇನ್ನು ಊರಿನ ಸಂಪಾದನೆ ನಿಂತಿರುವುದೇ ಪ್ರವಾಸಿಗರ ಮೇಲೆ. ಹೋಟೆಲ್, ಗೈಡ್, ಟುಕ್‌ಟುಕ್, ಯಾವುದಕ್ಕೆ ಹೋದರೂ ಇಂಗ್ಲಿಷ್ ಬೇಕು. ಹಾಗಾಗಿ ಅಲ್ಲಿಯ ಅಪ್ಪ ಅಮ್ಮಂದಿರಿಗೆ ಇಂಗ್ಲಿಷ್ ಅಂದರೆ ಮಗುವಿನ ಮುಂದಿನ ಅನ್ನ. ನಮ್ಮ ಆರು ವಾರದ ಆಸೆಗಿಂತ ಅದು ತುಂಬಾ ದೊಡ್ಡದು.

ಮೊದಲ ದಿನ 38 ಮಕ್ಕಳು, ತಗಡಿನ ಸೂರು, ಫ್ಯಾನ್ ಇಲ್ಲ. "ರಿಪೀಟ್ ಆಫ್ಟರ್ ಮಿ" ಅಂದೆ. ಎಲ್ಲರೂ ಒಟ್ಟಿಗೆ "ರಿಪೀಟ್ ಆಫ್ಟರ್ ಮಿ" ಅಂದರು. ಸರಿ ಅಂತ ಬಣ್ಣಗಳನ್ನು ಶುರು ಮಾಡಿದೆ. ಮುಂದೆ ಕೂತಿದ್ದ ಹದಿಮೂರು ವರ್ಷದ ಹುಡುಗಿ ಹತ್ತು ಬಣ್ಣ ಒಂದೇ ಉಸಿರಿಗೆ ಹೇಳಿ, ಮುಂದೇನು ಅಂತ ನನ್ನ ಮುಖ ನೋಡಿದಳು. ನಿನ್ನೆ ಎಲ್ಲಿಗೆ ಹೋಗಿದ್ದೆ ಅಂತ ಕೇಳಿದರೆ ಮಾತ್ರ ಬಾಯಿಂದ ಮಾತು ಬರಲಿಲ್ಲ. ಆಮೇಲೆ ಗೊತ್ತಾಯಿತು, ಎರಡು ವರ್ಷದಿಂದ ಬಂದ ಪ್ರತಿಯೊಬ್ಬ ವಾಲಂಟಿಯರ್ ಬಣ್ಣ, ಪ್ರಾಣಿ, "ವಾಟ್ ಈಸ್ ಯುವರ್ ನೇಮ್" ಇಷ್ಟನ್ನೇ ಮೊದಲಿನಿಂದ ಹೇಳಿಕೊಟ್ಟು ಹೋಗಿದ್ದರು. ಹಿಂದಿನವರು ಎಲ್ಲಿಗೆ ನಿಲ್ಲಿಸಿದರು ಅಂತ ಬರೆದಿಟ್ಟ ಒಂದು ನೋಟ್‌ಬುಕ್ ಕೂಡ ಇರಲಿಲ್ಲ. ಆ ಮಗುವಿನ ಎರಡು ವರ್ಷ, ಯೋಚನೆ ಮಾಡಿ.

ಇದಕ್ಕಿಂತ ಜಾಸ್ತಿ ನೋವು ಕೊಟ್ಟದ್ದು ಬೇರೆ. ಆ ತರಗತಿಗೆ ಅವರದೇ ಟೀಚರ್ ಇದ್ದರು. ಅಲ್ಲಿ ಟೀಚರಮ್ಮನಿಗೆ "ನ್ಯಾಕ್ ಕ್ರೂ" ಅನ್ನುತ್ತಾರೆ. ಕ್ರೂ ಅಂದರೆ ನಮ್ಮ ಗುರುವೇ. ನಾನು ಬಂದೆ ಅಂತ ಅವರನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿದ್ದರು. ಐದು ವರ್ಷದಿಂದ ಆ ಮಕ್ಕಳ ಜೊತೆ ಇದ್ದವರು! ಎರಡು ವಾರ ನಾನೂ ಸುಮ್ನೆ ಇದ್ದೆ. ಮೂರನೇ ವಾರ ಅವರ ಹತ್ತಿರ ಹೋಗಿ, "ಪಾಠ ನೀವು ಮಾಡಿ, ನಾನು ಸಹಾಯಕ್ಕೆ ನಿಲ್ಲುತ್ತೇನೆ" ಅಂದೆ. ಅವರು ತಮ್ಮ ಖ್ಮೇರ್ ಭಾಷೆಯಲ್ಲಿ ಎರಡು ನಿಮಿಷ ವಿವರಿಸಿದರೆ ಮಕ್ಕಳ ಮುಖ ಅರಳುತ್ತಿತ್ತು. ನನಗೆ ಅರ್ಧ ಗಂಟೆಯಲ್ಲೂ ಆಗದ ಕೆಲಸ ಅದು. ನಾನು ಮಕ್ಕಳನ್ನು ನಾಲ್ಕು ನಾಲ್ಕು ಜನರಂತೆ ಕೂರಿಸಿಕೊಂಡು ಮಾತಾಡಿಸುತ್ತಿದ್ದೆ.

ಸಂಜೆ ಒಂದು ಗಂಟೆ ಅವರ ಜೊತೆ ಕೂರುತ್ತಿದ್ದೆ. ಒಂದು ದಿನ "ಹ್ಯಾಸ್ ಬೀನ್" ಮತ್ತು "ಹ್ಯಾಸ್ ಗಾನ್" ನಡುವೆ ವ್ಯತ್ಯಾಸ ಏನು ಅಂತ ಕೇಳಿದರು. ಹೋಗಿ ವಾಪಸ್ ಬಂದಿದ್ದರೆ ಬೀನ್, ಹೋದವರು ಇನ್ನೂ ಅಲ್ಲೇ ಇದ್ದರೆ ಗಾನ್. ಇದನ್ನು ದಿನಾ ಸರಿಯಾಗಿಯೇ ಬಳಸುತ್ತಿದ್ದವಳು ನಾನು, ಆದರೆ ಹೇಳಲು ಬರಲಿಲ್ಲ. ರಾತ್ರಿ ವ್ಯಾಕರಣ ಪುಸ್ತಕ ತೆಗೆದು ಓದಬೇಕಾಯಿತು. ಎಂಟು ವಾರದಲ್ಲಿ ನಾನು ಮಾಡಿದ ನಿಜವಾದ ಕೆಲಸ ಅಂದರೆ ಆ ಸಂಜೆಗಳು. ಯಾಕೆಂದರೆ ನಾನು ವಾಪಸ್ ಬಂದ ಮೇಲೂ ಅವರು ಅಲ್ಲೇ ಇದ್ದರು.

ಕನ್ನಡ ಮೀಡಿಯಂ ಅಂತ ಅಳುಕಬೇಡಿ. ಅದು ನಿಮ್ಮ ಬಲ. ಖ್ಮೇರ್ ಲಿಪಿ ಬಂದದ್ದು ಪಲ್ಲವರ ಲಿಪಿಯಿಂದ. ಅಕ್ಷರಗಳ ಸಾಲು ಕ, ಖ, ಗ, ಘ, ಙ ಕ್ರಮದಲ್ಲೇ ಇದೆ, ಉಚ್ಚಾರ ಮಾತ್ರ ಬದಲಾಗಿದೆ. ಶಾಲೆಗೆ "ಸಾಲಾ" ಅನ್ನುತ್ತಾರೆ. ನಾನು ಅವರ ಅಕ್ಷರ ಬರೆಯಲು ಕಲಿತಾಗ ಮಕ್ಕಳು ನನ್ನ ತಪ್ಪು ತಿದ್ದಿದರು. ಆವತ್ತಿನಿಂದ ತಪ್ಪಾಗುವ ಭಯ ಅವರಿಗೂ ಕಡಿಮೆಯಾಯಿತು. ಅವರ ಭಾಷೆಯಲ್ಲಿ ಕಾಲಕ್ಕೆ ತಕ್ಕಂತೆ ಕ್ರಿಯಾಪದ ಬದಲಾಗುವುದಿಲ್ಲ, "ನಿನ್ನೆ" ಅಂದರೆ ಮುಗಿಯಿತು. ಹಾಗಾಗಿ "ಯೆಸ್ಟರ್‌ಡೇ ಐ ಗೋ" ಅನ್ನುತ್ತಾರೆ. ಪದದ ಕೊನೆಯ "ಸ್" ಬಿಡುತ್ತಾರೆ, ರೈಸ್ ಹೋಗಿ ರೈ ಆಗುತ್ತದೆ. ಇಂಗ್ಲಿಷನ್ನು ಕಷ್ಟಪಟ್ಟು ಕಲಿತವರಿಗೆ ಈ ಎಡವಟ್ಟುಗಳು ಎಲ್ಲಿಂದ ಬರುತ್ತವೆ ಅಂತ ಬೇಗ ಹೊಳೆಯುತ್ತದೆ.

ಅನಾಥಾಶ್ರಮ ಮಾತ್ರ ಬೇಡವೇ ಬೇಡ. ಇದನ್ನು ಕೈ ಮುಗಿದು ಹೇಳುತ್ತಿದ್ದೇನೆ. ಕಾಂಬೋಡಿಯಾದಲ್ಲಿ 2005ರಿಂದ 2010ರ ಒಳಗೆ ಇಂತಹ ಆಶ್ರಮಗಳು ಶೇ 75ರಷ್ಟು ಹೆಚ್ಚಿದವು. ಅಲ್ಲಿದ್ದ ಹೆಚ್ಚಿನ ಮಕ್ಕಳಿಗೆ ಅಪ್ಪ ಅಥವಾ ಅಮ್ಮ ಬದುಕಿದ್ದಾರೆ ಅಂತ ಯುನಿಸೆಫ್ ಹೇಳಿದೆ. ವಿದೇಶಿಯರ ಹಣ ಬರುತ್ತದೆ ಅಂತ ಬಡವರ ಮನೆಯಿಂದ ಮಕ್ಕಳನ್ನು ಕರೆತಂದು ಇಟ್ಟುಕೊಂಡವರೂ ಇದ್ದಾರೆ. ನಿಮ್ಮನ್ನು ತಬ್ಬಿಕೊಂಡ ಮಗುವನ್ನು ಆರು ವಾರಕ್ಕೆ ಬಿಟ್ಟು ಬರುತ್ತೀರಿ. ಮುಂದಿನ ತಿಂಗಳು ಇನ್ನೊಬ್ಬರು ಬಂದು ಬಿಟ್ಟು ಹೋಗುತ್ತಾರೆ. ಆ ಮಗು ಎಷ್ಟು ಸಲ ಸಹಿಸಬೇಕು?

ತುಂಗಾತೀರ:

ಅಕ್ಕ, ಓದಿ ಕಣ್ಣು ತುಂಬಿ ಬಂತು. ಅನಾಥಾಶ್ರಮ ಬಿಟ್ಟೆ. ಹಾಗಾದರೆ ಮೊದಲು ಏನು ಕಲಿಯಲಿ? ಆನ್‌ಲೈನ್‌ನಲ್ಲಿ ಇಂಗ್ಲಿಷ್ ಕಲಿಸುವುದಕ್ಕೆ 120 ಗಂಟೆಯ ಸರ್ಟಿಫಿಕೇಟ್ ಕೋರ್ಸ್ ತುಂಬಾ ಕಾಣಿಸುತ್ತಿವೆ.

ಹಾಸನದ ಹುಡುಗಿ:

120 ಗಂಟೆ ಅನ್ನುವುದನ್ನಷ್ಟೇ ನೋಡಬೇಡಿ. ಇಂಗ್ಲಿಷ್ ಕಲಿಸುವವರಿಗೆ ಇರುವ ಕೇಂಬ್ರಿಡ್ಜ್‌ನವರ ಸೆಲ್ಟಾ ಕೋರ್ಸೂ ಹೆಚ್ಚುಕಡಿಮೆ ಅಷ್ಟೇ ಗಂಟೆ. ಆದರೆ ಅದರಲ್ಲಿ ನಿಜವಾದ ಕಲಿಯುವವರ ಮುಂದೆ 6 ಗಂಟೆ ಪಾಠ ಮಾಡಬೇಕು. ಹಿಂದೆ ಕೂತವರು ನೋಡಿ ತಿದ್ದುತ್ತಾರೆ. ಅದು ದುಬಾರಿ, ಎಲ್ಲರಿಗೂ ಆಗುವುದಿಲ್ಲ. ಆದರೆ ಬೋರ್ಡಿನ ಮುಂದೆ ನಿಂತು, ಗೊತ್ತಿರುವವರಿಂದ ತಿದ್ದಿಸಿಕೊಳ್ಳುವುದು ಬೇಕೇ ಬೇಕು. ಎಲ್ಲಿ ಸಿಕ್ಕರೂ ಸರಿ.

ಏಜೆನ್ಸಿಗೆ ಎರಡೇ ಪ್ರಶ್ನೆ ಕೇಳಿ. ಆ ತರಗತಿಯ ಊರಿನ ಟೀಚರ್ ಯಾರು? ಹಿಂದಿನ ವಾಲಂಟಿಯರ್ ಎಲ್ಲಿಯವರೆಗೆ ಪಾಠ ಮಾಡಿದ್ದಾರೆ? ವೀಸಾ ಬಗ್ಗೆಯೂ ಬರೆದು ಕೊಡಲು ಹೇಳಿ. ಅಲ್ಲಿ ಪ್ರವಾಸಕ್ಕೆ "ಟಿ" ವೀಸಾ, ಕೆಲಸ ವ್ಯವಹಾರಕ್ಕೆ "ಇ" ವೀಸಾ, ಎರಡೂ ಬೇರೆ.

ತುಂಗಾತೀರ:

ನಾಲ್ಕು ದಿನದ ಹಿಂದೆ ಎರಡೂ ಪ್ರಶ್ನೆ ಮೇಲ್ ಮಾಡಿದೆ. ಉತ್ತರವಾಗಿ ಬಂದದ್ದು ಅಂಕೋರ್ ವಾಟ್ ಸೂರ್ಯೋದಯದ ಫೋಟೋ ಮತ್ತು "ಬೇಗ ಬುಕ್ ಮಾಡಿದರೆ 10 ಪರ್ಸೆಂಟ್ ಕಡಿಮೆ" ಅಂತ. ಹಣ ಕಟ್ಟುತ್ತಿಲ್ಲ.

ಸೀಮೆಸುಣ್ಣ:

ನಮ್ಮ ಶಾಲೆ ಶಿವಮೊಗ್ಗದ ಹತ್ತಿರವೇ ಇದೆ. ಒಂಬತ್ತನೇ ತರಗತಿಯಲ್ಲಿ 42 ಮಕ್ಕಳು, ಇಂಗ್ಲಿಷ್ ಅಂದರೆ ಹೆದರುತ್ತಾರೆ. ಹೆಡ್‌ಮಾಸ್ಟರ್ ಹತ್ತಿರ ಇವತ್ತೇ ಮಾತಾಡಿದೆ, ಒಪ್ಪಿದ್ದಾರೆ. ಶನಿವಾರ ಬೆಳಿಗ್ಗೆ ಬರಲು ಆಗುತ್ತದಾ? ನೀವು ಪಾಠ ಮಾಡಿ, ನಾನು ಹಿಂದಿನ ಬೆಂಚಿನಲ್ಲಿ ಕೂತು ಬರೆದುಕೊಳ್ಳುತ್ತೇನೆ.